ರೋಗಾಣುವಿನ ಹೆಸರು ಹೇಳುವ ಹೊಣೆ ಯಾರದು?

2022ರ ಮೇ ತಿಂಗಳ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದವರು ವಾಂತಿ-ಭೇದಿಯಿಂದ ಆಸ್ಪತ್ರೆ ಸೇರತೊಡಗಿದರು. ಜೂನ್ ಹೊತ್ತಿಗೆ ಕನಿಷ್ಠ ಐವರು ಪ್ರಾಣ ಕಳೆದುಕೊಂಡಿದ್ದರು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ತನಿಖೆಗೆ ಆದೇಶಿಸಿದರು, ಮೃತರ ಕುಟುಂಬಗಳಿಗೆ ಪರಿಹಾರ ಘೋಷಣೆಯಾಯಿತು, ರಾಂಪುರ ಜಲಾಶಯದ ಸ್ವಚ್ಛತೆಯ ಬಗ್ಗೆ ಪ್ರಶ್ನೆಗಳೆದ್ದವು. ಮರುವರ್ಷದ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಹತ್ತಾರು ಜನ ಇದೇ ರೀತಿ ಅಸ್ವಸ್ಥರಾದರು. ಅಲ್ಲಿ ಒಂದು ಮಗು ತೀರಿಕೊಂಡಿತು.

ಎರಡೂ ಸಂದರ್ಭಗಳಲ್ಲಿ ಸಾರ್ವಜನಿಕ ಚರ್ಚೆ ಸುತ್ತಿದ್ದು ಪೈಪು, ಟ್ಯಾಂಕು, ಅಮಾನತು ಮತ್ತು ಪರಿಹಾರದ ಮೊತ್ತಗಳ ಸುತ್ತ. ಅವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಅವುಗಳ ಮೊದಲು ಕೇಳಬೇಕಾದ ಪ್ರಶ್ನೆಯೊಂದಿತ್ತು: ಈ ಜನರ ದೇಹವನ್ನು ಹೊಕ್ಕ ಸೂಕ್ಷ್ಮಾಣು ಯಾವುದು? ಅದು ಯಾವ ಔಷಧಕ್ಕೆ ಬಗ್ಗುತ್ತದೆ? ಅದನ್ನು ಯಾವ ಪ್ರಯೋಗಾಲಯ, ಎಷ್ಟು ದಿನಗಳಲ್ಲಿ ಹೇಳಿತು? ಈ ಪ್ರಶ್ನೆ ಚರ್ಚೆಯ ಅಂಚಿನಲ್ಲೇ ಉಳಿಯಿತು. ರಾಯಚೂರು, ದೇವದುರ್ಗ, ಮಾನ್ವಿಗಳ ಸಾರ್ವಜನಿಕ ಆರೋಗ್ಯದ ಅತ್ಯಂತ ದುರ್ಬಲ ಕೊಂಡಿ ಇರುವುದು ಅಲ್ಲಿಯೇ ಎಂಬುದು ಈ ಪತ್ರಿಕೆಯ ಅಭಿಪ್ರಾಯ.

ವಿಷಯ ತಾಂತ್ರಿಕವಾದುದರಿಂದ ಓದುಗರಿಗೆ ಒಂದಿಷ್ಟು ವಿವರಣೆ ಸಲ್ಲಬೇಕು. 1884ರಲ್ಲಿ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಚ್ಚುವ ಒಂದು ವಿಧಾನವನ್ನು ಪ್ರಕಟಿಸಿದರು. ಗಾಜಿನ ತುಣುಕಿನ ಮೇಲಿನ ಮಾದರಿಗೆ ನೇರಳೆ ಬಣ್ಣ, ಬಳಿಕ ಅಯೋಡಿನ್ ಹಾಕಿ ಮದ್ಯಸಾರದಿಂದ ತೊಳೆದಾಗ ಕೆಲವು ಬ್ಯಾಕ್ಟೀರಿಯಾಗಳು ನೇರಳೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಉಳಿದವು ಬಣ್ಣ ಬಿಟ್ಟುಕೊಟ್ಟು, ನಂತರ ಹಚ್ಚುವ ಕೆಂಪು ಬಣ್ಣವನ್ನು ಪಡೆಯುತ್ತವೆ. ಈ ಎರಡನೆಯ ಗುಂಪೇ ಗ್ರಾಮ್-ನೆಗೆಟಿವ್.

ಕಾಲರಾ ತರುವ ವಿಬ್ರಿಯೋ, ರಕ್ತಭೇದಿಯ ಶಿಗೆಲ್ಲಾ, ಟೈಫಾಯ್ಡ್‌ನ ಸಾಲ್ಮೊನೆಲ್ಲಾ, ಮೂತ್ರನಾಳದ ಸೋಂಕಿನ ಇ. ಕೋಲಿ, ನವಜಾತ ಶಿಶುಗಳ ರಕ್ತಕ್ಕೆ ಇಳಿಯುವ ಕ್ಲೆಬ್ಸಿಯೆಲ್ಲಾ ಮತ್ತು ಅಸಿನೆಟೊಬ್ಯಾಕ್ಟರ್, ಎಲ್ಲವೂ ಇದೇ ಗುಂಪಿನವು. ಇವುಗಳ ಕೋಶಭಿತ್ತಿಯ ಹೊರಗೆ ಮತ್ತೊಂದು ಪೊರೆಯಿದೆ. ಹಲವು ಪ್ರತಿಜೀವಕಗಳನ್ನು ಆ ಪೊರೆ ಒಳಗೆ ಬಿಡುವುದಿಲ್ಲ. ಬ್ಯಾಕ್ಟೀರಿಯಾ ಸತ್ತಾಗ ಅದೇ ಪೊರೆಯಿಂದ ಬಿಡುಗಡೆಯಾಗುವ ವಿಷವಸ್ತು ರಕ್ತದೊತ್ತಡವನ್ನು ಪಾತಾಳಕ್ಕಿಳಿಸಬಲ್ಲದು. ಔಷಧಗಳಿಗೆ ಪ್ರತಿರೋಧ ಬೆಳೆಸಿಕೊಳ್ಳುವುದರಲ್ಲೂ ಇವು ಮುಂಚೂಣಿಯಲ್ಲಿವೆ.

ಬಣ್ಣದ ಪರೀಕ್ಷೆ ಕೆಲವೇ ನಿಮಿಷಗಳ ಕೆಲಸ. ಅದು ಗುಂಪನ್ನು ಹೇಳುತ್ತದೆಯೇ ಹೊರತು ಹೆಸರನ್ನಲ್ಲ. ಹೆಸರು ತಿಳಿಯಲು ಕಲ್ಚರ್ ಪರೀಕ್ಷೆ ಬೇಕು: ಮಾದರಿಯನ್ನು ಪೋಷಕ ಮಾಧ್ಯಮದ ಮೇಲೆ ಹರಡಿ ಸುಮಾರು 37 ಡಿಗ್ರಿ ಉಷ್ಣತೆಯಲ್ಲಿ ಒಂದು ದಿನ ಬೆಳೆಸುವುದು. ಮ್ಯಾಕಾಂಕಿ ಮಾಧ್ಯಮದಲ್ಲಿ ಇ. ಕೋಲಿ ಗುಲಾಬಿ ಬಣ್ಣದಲ್ಲಿ ಬೆಳೆದರೆ ಶಿಗೆಲ್ಲಾ, ಸಾಲ್ಮೊನೆಲ್ಲಾಗಳು ಬಣ್ಣವಿಲ್ಲದೆ ಬೆಳೆಯುತ್ತವೆ. ಕಾಲರಾಕ್ಕೆ ಬೇರೆಯೇ ಮಾಧ್ಯಮವಿದೆ, ಅದರಲ್ಲಿ ಹಳದಿ ಚುಕ್ಕೆಗಳು ಕಾಣುತ್ತವೆ. ಮರುದಿನ ಆಕ್ಸಿಡೇಸ್, ಇಂಡೋಲ್, ಸಿಟ್ರೇಟ್, ಯೂರಿಯೇಸ್ ಮೊದಲಾದ ರಾಸಾಯನಿಕ ಪರೀಕ್ಷೆಗಳು. ಜೊತೆಗೆ ಯಾವ ಔಷಧ ಕೆಲಸ ಮಾಡುತ್ತದೆಂಬ ಸೆನ್ಸಿಟಿವಿಟಿ ಪರೀಕ್ಷೆ. ಒಟ್ಟು ಎರಡರಿಂದ ಮೂರು ದಿನ.

ಈ ಹಂತಗಳಲ್ಲಿ ಯಾವುದನ್ನು ಬಿಟ್ಟರೂ ತಪ್ಪು ಹೆಸರು ಬರುವ ಅಪಾಯವಿದೆ. ನೀರಿನಿಂದಲೇ ಬರುವ ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ಆಕ್ಸಿಡೇಸ್ ಪರೀಕ್ಷೆಯಲ್ಲಿ ವಿಬ್ರಿಯೋದಂತೆಯೇ ವರ್ತಿಸುತ್ತದೆ. ಕಾಲರಾ ಎಂದು ಘೋಷಿಸಿದರೆ ಊರಿಗೆ ಊರೇ ಎಚ್ಚೆತ್ತುಕೊಳ್ಳಬೇಕು. ಅಲ್ಲವೆಂದರೆ ಶೋಧ ಬೇರೆ ದಿಕ್ಕು ಹಿಡಿಯಬೇಕು. ಒಂದು ಸಣ್ಣ ಪರೀಕ್ಷೆಯ ಮೇಲೆ ಜಿಲ್ಲಾಡಳಿತದ ಇಡೀ ಕಾರ್ಯಾಚರಣೆ ನಿಂತಿರುತ್ತದೆ.

ವಾಂತಿ-ಭೇದಿಯಾದ ವ್ಯಕ್ತಿಗೆ ತುರ್ತಾಗಿ ಬೇಕಾಗಿರುವುದು ಓಆರ್‌ಎಸ್ ಮತ್ತು ಸಲೈನ್. ಪ್ರಯೋಗಾಲಯದ ವರದಿಗಾಗಿ ಯಾರೂ ಕಾಯಬೇಕಿಲ್ಲ, ಕಾಯಲೂಬಾರದು. ಹಾಗಿದ್ದರೆ ಹೆಸರೇಕೆ ಎಂದು ಕೇಳುವವರಿದ್ದಾರೆ, ಅಧಿಕಾರಿಗಳಲ್ಲೂ ಇದ್ದಾರೆ. ಉತ್ತರ ಇಷ್ಟೇ: ವರದಿ ಬೇಕಿರುವುದು ಇಂದು ಹಾಸಿಗೆಯಲ್ಲಿರುವವರಿಗಿಂತ ಹೆಚ್ಚಾಗಿ ನಾಳೆ ಅದೇ ನೀರು ಕುಡಿಯಲಿರುವವರಿಗೆ. ವೈರಾಣುವಿನಿಂದ ಬಂದ ಭೇದಿಗೆ ಪ್ರತಿಜೀವಕ ವ್ಯರ್ಥ. ಶಿಗೆಲ್ಲಾಕ್ಕೆ ಸರಿಯಾದ ಪ್ರತಿಜೀವಕ ಪ್ರಾಣ ಉಳಿಸುತ್ತದೆ. ಇ. ಕೋಲಿಯ ಒಂದು ಬಗೆಗೆ ಕೊಟ್ಟ ಪ್ರತಿಜೀವಕ ಮೂತ್ರಪಿಂಡಕ್ಕೇ ಹಾನಿ ತರಬಹುದು. ಮೂರನ್ನೂ ಒಂದೇ ಕಾಯಿಲೆಯೆಂದು ಭಾವಿಸಿ ಒಂದೇ ಮಾತ್ರೆ ಹಂಚುವುದು ಚಿಕಿತ್ಸೆಯಲ್ಲ, ಊಹೆ.

ಹೆಸರು ಬೇಗ ತಿಳಿದರೆ ಏನಾಗುತ್ತದೆಂಬುದಕ್ಕೆ ರಾಜ್ಯದಲ್ಲೇ ನಿದರ್ಶನವಿದೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿ ನಿಲಯದ 47 ಮಂದಿ ಭೇದಿಯಿಂದ ಆಸ್ಪತ್ರೆ ಸೇರಿದಾಗ, ಕೆಲವೇ ದಿನಗಳಲ್ಲಿ ಇಬ್ಬರಲ್ಲಿ ಕಾಲರಾ ದೃಢಪಟ್ಟಿತು. ರಾಜಧಾನಿಯ ಮಧ್ಯಭಾಗ, ಕೂಗಳತೆಯಲ್ಲಿ ವಿಕ್ಟೋರಿಯಾ ಆಸ್ಪತ್ರೆ, ಕಾಯಿಲೆ ಬಿದ್ದವರು ಸ್ವತಃ ವೈದ್ಯ ವಿದ್ಯಾರ್ಥಿನಿಯರು. ಆ ತ್ವರಿತಗತಿಯನ್ನು ಯಾರೂ ಆಕ್ಷೇಪಿಸಲಾರರು. ರೇಕಲಮರಡಿಯ ಮಗುವಿಗೂ ಅದೇ ಹಕ್ಕಿದೆ ಎಂಬುದಷ್ಟೇ ನಮ್ಮ ವಾದ.

ಹಕ್ಕು ಕಾಗದದಲ್ಲಂತೂ ಇದೆ. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಮೂರು ನಮೂನೆಗಳಿದ್ದವು. ಆರೋಗ್ಯ ಕಾರ್ಯಕರ್ತೆ ಕಂಡ ಲಕ್ಷಣಗಳಿಗೆ ಎಸ್, ವೈದ್ಯರ ಅನುಮಾನಕ್ಕೆ ಪಿ, ಪ್ರಯೋಗಾಲಯದ ದೃಢೀಕರಣಕ್ಕೆ ಎಲ್. ಈಗ ಅವೆಲ್ಲ ಗಣಕೀಕೃತ ಜಾಲಕ್ಕೆ ವರ್ಗವಾಗಿವೆ. ಆಶಾ ಕಾರ್ಯಕರ್ತೆಯರ ದುಡಿಮೆಯಿಂದ ಮೊದಲನೆಯದು ತುಂಬುತ್ತದೆ. ಎರಡನೆಯದೂ ತುಂಬುತ್ತದೆ. ಮೂರನೆಯದನ್ನು ತುಂಬಬೇಕಾದರೆ ಮಾದರಿ ಸಂಗ್ರಹವಾಗಬೇಕು, ಜೀವಂತವಾಗಿ ತಲುಪಬೇಕು, ಓದಬಲ್ಲವರು ಇರಬೇಕು. ತೊಡಕು ಶುರುವಾಗುವುದು ಇಲ್ಲಿಂದ.

ದೇವದುರ್ಗ ಮತ್ತು ಮಾನ್ವಿ ಎರಡೂ ಪಟ್ಟಣಗಳಿಂದ ರಾಯಚೂರಿಗೆ 50 ಕಿಲೋಮೀಟರ್ ಆಸುಪಾಸು. ತಾಲ್ಲೂಕು ಮಟ್ಟದ ಪ್ರಯೋಗಾಲಯದಲ್ಲಿ ರಕ್ತಕಣ ಎಣಿಕೆ, ಸಕ್ಕರೆ ಅಂಶ, ಮಲೇರಿಯಾ, ಕ್ಷಯದಂಥ ಪರೀಕ್ಷೆಗಳು ರೂಢಿ. ಕಲ್ಚರ್ ಬೇಕೆಂದರೆ ಜಿಲ್ಲಾ ಕೇಂದ್ರದತ್ತ ನೋಡಬೇಕು. ಮಲದ ಮಾದರಿಯನ್ನು ಹಾಗೆಯೇ ಡಬ್ಬಿಯಲ್ಲಿಟ್ಟರೆ ಎರಡು ತಾಸಿನೊಳಗೆ ಪರೀಕ್ಷೆಗೆ ಹಾಕಬೇಕು. ಕ್ಯಾರಿ-ಬ್ಲೇರ್ ಎಂಬ ಸಾಗಣೆ ಮಾಧ್ಯಮದ ಕೊಳವೆಯಲ್ಲಿ ಅದ್ದಿಟ್ಟರೆ ಅದರಲ್ಲಿನ ಬ್ಯಾಕ್ಟೀರಿಯಾ ಒಂದೆರಡು ದಿನ ಬದುಕುತ್ತದೆ. ಈ ಕೊಳವೆ ದುಬಾರಿ ವಸ್ತುವಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹತ್ತಿಪ್ಪತ್ತು ಕೊಳವೆಗಳು, ಅವಧಿ ಮೀರದಂತೆ, ಸದಾ ಇರಬೇಕು. ಮೂತ್ರದ ಮಾದರಿಯನ್ನು ತಂಪಿನಲ್ಲಿಡಬೇಕು. ರಕ್ತದ ಕಲ್ಚರ್ ಬಾಟಲಿಯನ್ನು ಎಂದಿಗೂ ಫ್ರಿಜ್‌ನಲ್ಲಿಡಬಾರದು. ಇಷ್ಟು ಸಣ್ಣ ವಿವರಗಳು ತಿಳಿಯದಿದ್ದರೆ ಮಾದರಿ ದಾರಿಯಲ್ಲೇ ಸಾಯುತ್ತದೆ. ಬಳಿಕ ಬರುವ ವರದಿಯಲ್ಲಿ ರೋಗಾಣು ಬೆಳೆಯಲಿಲ್ಲ ಎಂದಿರುತ್ತದೆ, ಕಡತದಲ್ಲಿ ರೋಗಾಣು ಇರಲಿಲ್ಲ ಎಂದಾಗುತ್ತದೆ.

ರಾಯಚೂರಿನ ಬಿಸಿಲೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ಇನ್‌ಕ್ಯುಬೇಟರ್ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕೋಣೆಯಲ್ಲಿ ಅದರೊಳಗಿನ ಉಷ್ಣತೆ 37ಕ್ಕೆ ನಿಲ್ಲುವುದಿಲ್ಲ. ಈ ಜಿಲ್ಲೆಯಲ್ಲಿ ನೀರಿನ ಕಾಯಿಲೆಗಳು ಕಾಡಿರುವುದು ಅದೇ ಮೇ-ಜೂನ್‌ನಲ್ಲಿ. ಆದ್ದರಿಂದ ಇಲ್ಲಿ ಪ್ರಯೋಗಾಲಯದ ಹವಾನಿಯಂತ್ರಣ ವೈಭೋಗವಲ್ಲ, ಉಪಕರಣದ ಭಾಗ. 1985ರಿಂದ ರಾಜ್ಯಕ್ಕೆ ವಿದ್ಯುತ್ ಕೊಡುತ್ತಿರುವ ಶಕ್ತಿನಗರ ಇರುವ ಜಿಲ್ಲೆ ಇದು. ಪ್ರಯೋಗಾಲಯಕ್ಕೆ ಅಡೆತಡೆಯಿಲ್ಲದ ವಿದ್ಯುತ್ ಒದಗಿಸುವುದು ಇಲ್ಲಿ ಅಸಾಧ್ಯವೆಂದು ಯಾರೂ ಹೇಳಲಾರರು.

ಬೇಸಿಗೆಯಲ್ಲೇ ಏಕೆ ಎಂಬುದಕ್ಕೂ ಕಾರಣ ಸ್ಥಳೀಯವೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಕೆರೆಗಳಲ್ಲಿ ತುಂಬಿಟ್ಟುಕೊಂಡು ವರ್ಷ ಕಳೆಯುವ ಊರುಗಳು ಮಾನ್ವಿ ಭಾಗದಲ್ಲಿವೆ. ಕಾಲುವೆ ಬಂದ್ ಆದ ಮೇಲೆ ಕೆರೆಯ ತಳದ ನೀರೇ ಗತಿ. ಮೊದಲ ಮಳೆ ಬಯಲಿನ ಹೊಲಸನ್ನೆಲ್ಲ ತೊಳೆದು ಅದಕ್ಕೆ ಸೇರಿಸುತ್ತದೆ. ಚರಂಡಿಯ ಪಕ್ಕದಲ್ಲೇ ಸಾಗುವ ಒಡೆದ ಪೈಪು ಉಳಿದ ಕೆಲಸ ಮಾಡುತ್ತದೆ.

ನೀರಿನ ಪರೀಕ್ಷೆ ನಡೆಯುತ್ತಿದೆಯಲ್ಲ ಎಂಬ ಸಮಾಧಾನ ಇಲಾಖೆಗಳಲ್ಲಿದೆ. ಭಾರತೀಯ ಮಾನಕದ ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಒಂದೂ ಇ. ಕೋಲಿ ಇರಬಾರದು, ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು. ಹಳ್ಳಿಗಳಲ್ಲಿ ಬಳಸುವ ಹೈಡ್ರೋಜನ್ ಸಲ್ಫೈಡ್ ಬಾಟಲಿಯಲ್ಲಿ ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರಿಗೆ ಮಲ ಸೇರಿರುವ ಸಂಶಯವಿದೆ ಎಂದರ್ಥ. ಅದು ಉಪಯುಕ್ತ ಎಚ್ಚರಿಕೆ. ಆದರೆ ಆ ಕಪ್ಪು ಬಣ್ಣ ವಿಬ್ರಿಯೋವನ್ನೂ ಶಿಗೆಲ್ಲಾವನ್ನೂ ಬೇರ್ಪಡಿಸಿ ಹೇಳದು. ನೀರುಗಂಟಿಯ ಬ್ಲೀಚಿಂಗ್ ಪೌಡರ್ ಮತ್ತು ವೈದ್ಯರ ಔಷಧ ಚೀಟಿಯ ನಡುವೆ ಪ್ರಯೋಗಾಲಯ ಇರಲೇಬೇಕು.

ಇನ್ನು ಜ್ವರದ ಕಥೆ. ಇದು ಭೇದಿಗಿಂತ ನಿಧಾನವಾದುದು. ಹಾಗಾಗಿ ಸುದ್ದಿಯಾಗುವುದಿಲ್ಲ, ಆದರೆ ಹಾನಿ ಹೆಚ್ಚು. ನಾಲ್ಕು ದಿನ ಜ್ವರ ಬಂದರೆ ಪಟ್ಟಣದ ಯಾವುದೋ ಲ್ಯಾಬ್‌ನಲ್ಲಿ ರಕ್ತ ಕೊಟ್ಟು, ಸಂಜೆಯೊಳಗೆ ‘ಟೈಫಾಯ್ಡ್ ಐತಿ’ ಎಂಬ ಚೀಟಿ ಹಿಡಿದು, ಬೆಳಿಗ್ಗೆ-ಸಂಜೆ ಇಂಜೆಕ್ಷನ್ ಹಾಕಿಸಿಕೊಂಡು ಬರುವುದು ಇಲ್ಲಿ ಎಲ್ಲರೂ ಬಲ್ಲ ಕ್ರಮ. ಆ ಚೀಟಿಯ ಹಿಂದಿರುವುದು ಬಹುತೇಕ ವಿಡಾಲ್ ಪರೀಕ್ಷೆ. 1896ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಈ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ. ದೇಹ ಹಿಂದೆಂದೋ ಅದನ್ನು ಎದುರಿಸಿದ ಗುರುತನ್ನು ಹುಡುಕುತ್ತದೆ. ಟೈಫಾಯ್ಡ್ ಸಾಮಾನ್ಯವಾಗಿರುವ ಸೀಮೆಯಲ್ಲಿ ಆರೋಗ್ಯವಂತರಲ್ಲೂ ಆ ಗುರುತು ಸಿಗುತ್ತದೆ. ಒಂದೇ ಒಂದು ವಿಡಾಲ್ ಫಲಿತಾಂಶದ ಮೇಲೆ ಚಿಕಿತ್ಸೆ ನಿರ್ಧರಿಸಬಾರದೆಂದು ಸೂಕ್ಷ್ಮಜೀವಿಶಾಸ್ತ್ರಜ್ಞರು ದಶಕಗಳಿಂದ ಹೇಳುತ್ತಿದ್ದಾರೆ.

ನಿಜವಾದ ಸಾಕ್ಷ್ಯ ರಕ್ತದ ಕಲ್ಚರ್. ಅದೂ ಪರಿಪೂರ್ಣವಲ್ಲ, ಟೈಫಾಯ್ಡ್ ಪ್ರಕರಣಗಳಲ್ಲಿ ಅರ್ಧದಷ್ಟನ್ನು ಮಾತ್ರ ಹಿಡಿಯಬಲ್ಲದು. ಮೊದಲ ವಾರದಲ್ಲಿ, ಪ್ರತಿಜೀವಕದ ಮೊದಲ ಡೋಸ್‌ಗೆ ಮುನ್ನ ರಕ್ತ ತೆಗೆದರೆ ಫಲ ಹೆಚ್ಚು. ಆದರೆ ರೋಗಿ ತಾಲ್ಲೂಕು ಆಸ್ಪತ್ರೆ ತಲುಪುವ ಮೊದಲೇ ಆರ್‌ಎಂಪಿ ವೈದ್ಯರಲ್ಲಿ ಎರಡು ದಿನ, ಮೆಡಿಕಲ್ ಅಂಗಡಿಯಲ್ಲಿ ಕೇಳಿ ಪಡೆದ ಮಾತ್ರೆಯಲ್ಲಿ ಮೂರು ದಿನ ಕಳೆದಿರುತ್ತವೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್‌ಗಳು 2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯಲ್ಲಿವೆ; ಚೀಟಿಯಿಲ್ಲದೆ ಮಾರಕೂಡದು, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ಪುಸ್ತಕಗಳನ್ನು ಔಷಧ ನಿಯಂತ್ರಣ ಇಲಾಖೆ ಎಷ್ಟು ಬಾರಿ ತೆರೆದು ನೋಡಿದೆ ಎಂಬುದನ್ನು ಜಿಲ್ಲೆಯ ಜನರಿಗೆ ತಿಳಿಸಬೇಕು.

ಟೈಫಾಯ್ಡ್ ಎಂಬ ಚೀಟಿಯ ಕೆಳಗೆ ಯಾವ ಕಾಯಿಲೆಗಳು ಅಡಗಿರಬಹುದು? ಕೃಷ್ಣೆಯ ಆಚೆ ವಿಜಯಪುರದಲ್ಲಿ ಇದಕ್ಕೊಂದು ಉತ್ತರ ಸಿಕ್ಕಿದೆ. ಅಲ್ಲಿನ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರಜ್ಞ ಬಸಪ್ಪ ಮಂಟೂರ ಮತ್ತು ಸಹೋದ್ಯೋಗಿಗಳು ದೀರ್ಘಕಾಲ ಜ್ವರವಿದ್ದವರ ರಕ್ತದಲ್ಲಿ ಬ್ರುಸೆಲ್ಲಾ ಎಂಬ ಗ್ರಾಮ್-ನೆಗೆಟಿವ್ ಬ್ಯಾಕ್ಟೀರಿಯಾವನ್ನು ಪಟ್ಟುಹಿಡಿದು ಹುಡುಕಿದರು. ಕುರಿ, ಮೇಕೆ, ದನಗಳಿಂದ ಮತ್ತು ಕಾಯಿಸದ ಹಾಲಿನಿಂದ ಬರುವ ರೋಗವದು. 2006ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 16 ವರ್ಷಗಳಲ್ಲಿ ಪತ್ತೆಯಾದ 495 ವಯಸ್ಕ ರೋಗಿಗಳ ವಿವರವಿದೆ. ಜ್ವರ, ಕೀಲುನೋವು, ಬೆನ್ನುನೋವು ಎಂದು ಬಂದವರು ಅವರು. ಹುಡುಕದೆ ಹೋಗಿದ್ದರೆ ಅವರೆಲ್ಲ ಬೇರೆ ಯಾವುದೋ ಕಾಯಿಲೆಯ ಹೆಸರಿನಲ್ಲಿ ತಿಂಗಳುಗಟ್ಟಲೆ ನರಳುತ್ತಿದ್ದರು.

ಬ್ರುಸೆಲ್ಲಾ ಬಹಳ ನಿಧಾನವಾಗಿ ಬೆಳೆಯುತ್ತದೆ. ಎರಡನೆಯ ದಿನ ನೋಡಿ ಏನೂ ಇಲ್ಲವೆಂದು ಬಾಟಲಿ ಚೆಲ್ಲುವ ಪ್ರಯೋಗಾಲಯಕ್ಕೆ ಅದು ಸಿಗದು. ಅಜಾಗರೂಕತೆಯಿಂದ ನಿರ್ವಹಿಸಿದರೆ ಪರೀಕ್ಷಿಸುವವರಿಗೇ ಅಂಟುತ್ತದೆ. ದೇವದುರ್ಗದ ಕುರಿಗಾರರ ದಡ್ಡಿಗಳೂ ವಿಜಯಪುರದ ದಡ್ಡಿಗಳೂ ಭಿನ್ನವೇನಲ್ಲ. ಭತ್ತದ ಗದ್ದೆಯ ಮಣ್ಣುನೀರಿನಿಂದ ಬರುವ ಮೆಲಿಯೊಯ್ಡೋಸಿಸ್ ಕುರಿತೂ ಇದೇ ಮಾತು: ಮಣಿಪಾಲದ ಕಸ್ತೂರ್‌ಬಾ ವೈದ್ಯಕೀಯ ಕಾಲೇಜು ಗಮನವಿಟ್ಟು ಹುಡುಕಿದ್ದರಿಂದ ಕರಾವಳಿಯಲ್ಲಿ ಅದು ಗೋಚರಿಸಿತು. ಸ್ಯೂಡೊಮೊನಾಸ್ ಎಂದು ತಪ್ಪಾಗಿ ಗುರುತಿಸಲ್ಪಡುವ ಕುಖ್ಯಾತಿ ಅದಕ್ಕಿದೆ. ಮಾನ್ವಿಯ ಗದ್ದೆಗಳಲ್ಲಿ ದುಡಿಯುವ ಮಧುಮೇಹಿಗಳ ಜ್ವರವನ್ನು ಆ ಕಣ್ಣಿನಿಂದ ನೋಡಬಲ್ಲ ಪ್ರಯೋಗಾಲಯ ಜಿಲ್ಲೆಗೆ ಬೇಕು.

ಪ್ರತಿರೋಧದ ವಿಷಯದಲ್ಲಿ ಸಮಯ ಮೀರುತ್ತಿದೆ. ದೆಹಲಿಯ ಮೂರು ಆಸ್ಪತ್ರೆಗಳ ನವಜಾತ ಶಿಶುಗಳ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೋಲಿಗಳೇ ಪ್ರಮುಖ ಸೋಂಕುಕಾರಕಗಳಾಗಿದ್ದವು, ಹಲವು ಔಷಧಗಳಿಗೆ ಒಗ್ಗಿಹೋದ ಪ್ರಮಾಣ ಆತಂಕಕಾರಿಯಾಗಿತ್ತು. ಜಗತ್ತಿನಲ್ಲಿ 2019ರೊಂದರಲ್ಲೇ ಔಷಧಪ್ರತಿರೋಧಿ ಬ್ಯಾಕ್ಟೀರಿಯಾಗಳಿಂದ ನೇರವಾಗಿ 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ. ದೆಹಲಿಯ ಅಂಕಿಅಂಶ ಇಟ್ಟುಕೊಂಡು ರಾಯಚೂರಿನ ಶಿಶುವಿಗೆ ಔಷಧ ಬರೆಯುವುದು ಅನಿವಾರ್ಯವಾಗಬಾರದು. ಯಾವ ಊರಿನ ರೋಗಾಣುವಿಗೆ ಯಾವ ಔಷಧ ತಾಗುತ್ತದೆಂಬ ಪಟ್ಟಿ ಆಯಾ ಊರಿನಲ್ಲೇ ತಯಾರಾಗಬೇಕು.

ಹಣವಿಲ್ಲ, ತಂತ್ರಜ್ಞಾನವಿಲ್ಲ ಎಂಬ ಸಬೂಬಿಗೆ ಜಾಗವಿಲ್ಲ. 2020ರಲ್ಲಿ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆಯಾದ ರಿಮ್ಸ್‌ನಲ್ಲೇ ಕೋವಿಡ್ ಪತ್ತೆಯ ಆರ್‌ಟಿ-ಪಿಸಿಆರ್ ಪ್ರಯೋಗಾಲಯ ಬಂತು. ಹಳ್ಳಿಹಳ್ಳಿಯಿಂದ ಗಂಟಲುದ್ರವ ಐಸ್ ಪೆಟ್ಟಿಗೆಯಲ್ಲಿ ಬಂತು. ಫಲಿತಾಂಶ ಮೊಬೈಲಿಗೆ ಬಂತು. ಕ್ಷಯರೋಗದಲ್ಲಿ ಔಷಧಪ್ರತಿರೋಧವನ್ನೂ ಕೆಲವು ತಾಸಿನಲ್ಲೇ ಹೇಳುವ ಯಂತ್ರಗಳು ತಾಲ್ಲೂಕು ಮಟ್ಟಕ್ಕೆ ಇಳಿದಿವೆ. ಸರ್ಕಾರ ಮನಸ್ಸು ಮಾಡಿದಾಗ ಮಾದರಿ ಚಲಿಸುತ್ತದೆ ಎಂಬುದು ಸಾಬೀತಾಗಿದೆ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಈ ಪ್ರದೇಶಕ್ಕಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ, ಮಹತ್ವಾಕಾಂಕ್ಷಿ ಜಿಲ್ಲೆಯೆಂಬ ಕೇಂದ್ರದ ಪಟ್ಟಿಯಲ್ಲೂ ಹೆಸರಿದೆ. ದೇವದುರ್ಗ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲೊಂದೆಂದು ಡಿ.ಎಂ. ನಂಜುಂಡಪ್ಪ ಸಮಿತಿ ಹೇಳಿ ಎರಡು ದಶಕ ಕಳೆದವು.

ಏಮ್ಸ್‌ಗಾಗಿ ರಾಯಚೂರಿನ ಜನ 2022ರ ಮೇ 13ರಂದು ಧರಣಿ ಆರಂಭಿಸಿದರು. ನಗರದ ನಲ್ಲಿ ನೀರು ಜನರನ್ನು ಕೊಲ್ಲತೊಡಗಿದ್ದೂ ಅದೇ ತಿಂಗಳಲ್ಲಿ. ಏಮ್ಸ್ ಬೇಡಿಕೆ ನ್ಯಾಯಯುತವಾದುದು, ಅದನ್ನು ಈ ಪತ್ರಿಕೆ ಬೆಂಬಲಿಸುತ್ತದೆ. ಆದರೆ ಕಲ್ಚರ್ ತಟ್ಟೆಗೆ ಏಮ್ಸ್ ಬರುವವರೆಗೆ ಕಾಯಬೇಕಿಲ್ಲ. ನಗರದಲ್ಲಿ ರಿಮ್ಸ್ ಮತ್ತು ನವೋದಯ, ಎರಡು ವೈದ್ಯಕೀಯ ಕಾಲೇಜುಗಳಿವೆ. ಸೂಕ್ಷ್ಮಜೀವಿಶಾಸ್ತ್ರ ವಿಭಾಗವಿಲ್ಲದೆ ವೈದ್ಯಕೀಯ ಕಾಲೇಜು ನಡೆಯುವುದಿಲ್ಲ. ಪರಿಣತಿ ನಗರದೊಳಗಿದೆ. ಅದು ಮಾನ್ವಿ ರಸ್ತೆಯಲ್ಲೂ ದೇವದುರ್ಗ ರಸ್ತೆಯಲ್ಲೂ ಸಾಗಬೇಕಾಗಿದೆ.

ಮೊದಲ ಹೊಣೆ ಜಿಲ್ಲಾಧಿಕಾರಿಯದು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಲ್ಯಾಬ್‌ಗಳ ನೋಂದಣಿ ಪ್ರಾಧಿಕಾರದ ಅಧ್ಯಕ್ಷರೂ ಅವರೇ. ಒಂದೇ ಸ್ಲೈಡಿನ ವಿಡಾಲ್‌ನಿಂದ ಟೈಫಾಯ್ಡ್ ಘೋಷಿಸುವ ಲ್ಯಾಬ್‌ಗಳನ್ನು ಪರಿಶೀಲಿಸುವ ಅಧಿಕಾರ ಅವರಿಗಿದೆ. ಜಿಲ್ಲಾ ಆರೋಗ್ಯಾಧಿಕಾರಿ ದೇವದುರ್ಗ, ಮಾನ್ವಿಗಳಿಂದ ನಿತ್ಯ ಮಾದರಿ ಒಯ್ಯುವ ವಾಹನವನ್ನೂ ಸಾಗಣೆ ಕೊಳವೆಗಳನ್ನೂ ಒದಗಿಸಬೇಕು. ಮೊದಲ ಐದು ರೋಗಿಗಳ ಮಾದರಿಯನ್ನು ಪ್ರತಿಜೀವಕಕ್ಕೆ ಮುನ್ನವೇ ತೆಗೆಯುವಂತೆ ಲ್ಯಾಬ್ ಟೆಕ್ನೀಷಿಯನ್‌ಗಳಿಗೂ ಶುಶ್ರೂಷಕಿಯರಿಗೂ ತರಬೇತಿಯಾಗಬೇಕು. ರಿಮ್ಸ್ ಪ್ರತಿವರ್ಷ ಜಿಲ್ಲೆಯ ಔಷಧಪ್ರತಿರೋಧದ ಪಟ್ಟಿಯನ್ನು ಪ್ರಕಟಿಸಬೇಕು, ತನ್ನ ಗುರುತಿಸುವಿಕೆಯ ನಿಖರತೆಯನ್ನು ಹೊರಗಿನವರ ಪರೀಕ್ಷೆಗೆ ಒಡ್ಡಬೇಕು. ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡಕ್ಕೆ ಹಣ ಕೊಡುವ ಉತ್ಸಾಹವನ್ನು ಮಾಧ್ಯಮ, ರಾಸಾಯನಿಕ ಮತ್ತು ಸಿಬ್ಬಂದಿಯ ಸಂಬಳಕ್ಕೂ ತೋರಿಸಬೇಕು; ಕಟ್ಟಡದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ.

ನಾಗರಿಕರ ಪಾಲೂ ಇದೆ. ಮೂರನೆಯ ದಿನಕ್ಕೂ ಇಳಿಯದ ಜ್ವರಕ್ಕೆ ಇಂಜೆಕ್ಷನ್ ಕೇಳುವ ಮೊದಲು ರಕ್ತದ ಕಲ್ಚರ್ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳುವುದು ಉದ್ಧಟತನವಾಗದು.

ಮುಂದಿನ ಬೇಸಿಗೆಯಲ್ಲಿ ಎಡದಂಡೆ ಕಾಲುವೆ ಬಂದ್ ಆಗುವ ಮೊದಲು ಇಷ್ಟೂ ಸಿದ್ಧವಾಗಬೇಕು. ಎಲ್ಲೇ ವಾಂತಿ-ಭೇದಿ ಕಾಣಿಸಿಕೊಂಡರೂ ಒಂದು ವಾರದೊಳಗೆ ಆ ಗ್ರಾಮ ಪಂಚಾಯಿತಿಯ ಅಥವಾ ವಾರ್ಡಿನ ಸೂಚನಾ ಫಲಕದ ಮೇಲೆ, ಕನ್ನಡದಲ್ಲಿ, ನೀರಿನಲ್ಲಿ ಏನು ಸಿಕ್ಕಿತು, ರೋಗಿಗಳ ಮಾದರಿಯಲ್ಲಿ ಏನು ಬೆಳೆಯಿತು, ಯಾವ ಔಷಧ ತಾಗುತ್ತದೆ ಎಂಬ ವರದಿ ಅಂಟಿಸಬೇಕು. ಮಾದರಿಯನ್ನೇ ತೆಗೆದಿರದಿದ್ದರೆ ಆ ಸಂಗತಿಯನ್ನೂ, ಅದಕ್ಕೆ ಹೊಣೆಯಾದ ಅಧಿಕಾರಿಯ ಹುದ್ದೆಯನ್ನೂ ಅದೇ ಫಲಕದಲ್ಲಿ ಬರೆಯಬೇಕು.